ಅಳತೆಗೆ ಕೊಟ್ಟ ಗೌನು

"ಬೇಡ... ಯಾರೂ ನೋಡಬೇಡಿ... ಪ್ಲೀಸ್, ಬೇಡ..."

ಮುಚ್ಚಿದ ಬಾಗಿಲ ಆಚೆ ಅಳುತ್ತಿದ್ದದ್ದು ಅವಳ ತಂಗಿ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳ ಎದೆ ಧಸಕ್ಕೆಂದಿತು. ಬಾಗಿಲ ಮೇಲೆ ‘ಚಿಕಿತ್ಸೆ ನಡೆಯುತ್ತಿದೆ, ದಯವಿಟ್ಟು ಕಾಯಿರಿ’ ಅಂತ ದೊಡ್ಡದಾಗಿ ಬರೆದಿತ್ತು. ಒಡಹುಟ್ಟಿದವಳು ಹಾಗೆ ಅಳುವಾಗ ಬೋರ್ಡು ಓದಿಕೊಂಡು ಕೂರುವವರು ಯಾರು? ಭುಜದಿಂದ ಬಾಗಿಲು ನೂಕಿಕೊಂಡು ಒಳಗೆ ನುಗ್ಗಿಬಿಟ್ಟಳು.

ಕೋಣೆಯ ನಡುವೆ ಒಂದು ಮೇಜು. ಮೇಜಿನ ಮೇಲೆ ಏನೂ ಇಲ್ಲ. ಆ ಖಾಲಿ ಮೇಜಿನ ಮುಂದೆ ತಂಗಿ ಕೂತಿದ್ದಾಳೆ. ಕಣ್ಣಿಗೆ ಕಪ್ಪು ಡಬ್ಬಿಯಂಥದೊಂದು ಬಿಗಿದಿದೆ, ಕಡ್ಡಿಯಂಥ ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ನಡುಗುತ್ತಿದೆ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಗಂಡಸು, ಏನೂ ಆಗಿಯೇ ಇಲ್ಲವೆಂಬಂತೆ, "ನಾನಿಲ್ಲೇ ಇದೀನಿ... ಸಾಕು ಅನ್ಸಿದ್ರೆ ಕೈ ಎತ್ತಿ..." ಅನ್ನುತ್ತಿದ್ದಾನೆ.

"ಏನ್ರೀ ಮಾಡ್ತಿದೀರಾ ಅವಳಿಗೆ?"

ಅವನು ಎದ್ದು ನಿಲ್ಲುವುದರೊಳಗೆ ಅವಳು ತಂಗಿಯ ತಲೆಯಿಂದ ಆ ಡಬ್ಬಿ ಕಿತ್ತುಹಾಕಿದ್ದಳು.

ತಂಗಿ ಬೆಳಕಿಗೆ ಕಣ್ಣು ಪಿಳಿಪಿಳಿ ಬಿಟ್ಟಳು. ಮುಖ ಬಿಳಿಚಿತ್ತು. ಒಂದು ಕಡೆಗೆ ವಾಲಿದಳು.

"ಕೆಳಗೆ ಕೂರಿಸಿ. ಕೈ ಹಿಡ್ಕೊಳ್ಳಿ, ಗಟ್ಟಿಯಾಗಿ," ಅಂದ ಅವನು. ದನಿ ಏರಲಿಲ್ಲ. "ನನ್ನನ್ನ ಬೈಯೋದಿದ್ರೆ ಆಮೇಲೆ ಬೈಯಿರಿ. ಎಲ್ಲೂ ಹೋಗಲ್ಲ."

ತಂಗಿ ಉಸಿರು ಹಿಡಿದುಕೊಂಡು ಮೊದಲು ಹೇಳಿದ್ದೇ ಇದು. "ಯಾಕಕ್ಕಾ ತೆಗ್ದೆ? ಚಮಚ ಎತ್ತಿದ್ದೆ ಕಣೇ... ಈಗ ತಾನೇ ಎತ್ತಿದ್ದೆ..."

ಅಕ್ಕನ ಕೈಯಲ್ಲಿದ್ದ ಡಬ್ಬಿ ಒಮ್ಮೆಲೇ ಭಾರವಾಯಿತು.

ಇವಳನ್ನು ನಾವೂ ಅಕ್ಕ ಅಂತಲೇ ಕರೆಯೋಣ. ಅವಳ ಹೊಲಿಗೆ ಅಂಗಡಿಗೆ ಬರುವ ಅಜ್ಜಿಯರೂ ಹಾಗೇ ಕರೆಯುವುದು. ತಂಗಿಗೆ ಮನೆಯಲ್ಲಿ ಚಿನಕುರಳಿ ಅಂತ ಹೆಸರು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಅರಳು ಹುರಿದಂತೆ ಮಾತಾಡುತ್ತಿದ್ದವಳು. ವರ್ಷದಿಂದೀಚೆಗೆ ಆ ಮಾತೆಲ್ಲ ಒಂದೇ ಮಾತಿಗೆ ಬಂದು ನಿಂತಿತ್ತು. "ಹಸಿವಿಲ್ಲ. ನಾನು ದಪ್ಪಗಿದೀನಿ."

ಕಣ್ಣಿಗೆ ಕಾಣುವಂತೆ ಕರಗುತ್ತಿದ್ದ ಹುಡುಗಿ ಆ ಮಾತು ಹೇಳುತ್ತಿದ್ದಳು.

"ಇದು ಹಟ ಅಲ್ಲ, ಫ್ಯಾಷನ್ನೂ ಅಲ್ಲ," ಎಂದಿದ್ದರು ಡಾಕ್ಟರಮ್ಮ ಮೊದಲ ದಿನವೇ. "ಕಾಯಿಲೆ. ಊಟ ಅಂದ್ರೆ ಅವಳಿಗೆ ಭಯ. ನಿಮಗೆ ಹಾವು ಕಂಡಾಗ ಆಗೋ ಭಯ ಅವಳಿಗೆ ತಟ್ಟೆ ಕಂಡಾಗ ಆಗುತ್ತೆ. ಅದಕ್ಕೇ ಮೊದಲು ನಿಜವಲ್ಲದ ತಟ್ಟೆ ಮುಂದೆ ಕೂರಿಸಿ ಅಭ್ಯಾಸ ಮಾಡಿಸ್ತೀವಿ."

ಆ ಕಪ್ಪು ಡಬ್ಬಿ ಅದಕ್ಕಾಗಿ. ವಿಆರ್ ಕನ್ನಡಕ. ಹಾಕಿಕೊಂಡರೆ ಬರಿದಾದ ಕೋಣೆ ಹೋಟೆಲಾಗುತ್ತದೆ, ಮನೆಯ ಊಟದ ಮೇಜಾಗುತ್ತದೆ, ಕನ್ನಡಿ ಮುಂದಿನ ಜಾಗವಾಗುತ್ತದೆ. ಯಾವ ಜಾಗದಲ್ಲಿ ರೋಗಿಗೆ ಎಷ್ಟು ಭಯ ಅಂತ ಡಾಕ್ಟರಮ್ಮ ಗಾಜಿನಾಚೆಯಿಂದ ಗಮನಿಸುತ್ತಾರೆ. ಆ ಜಾಗಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟುವವನು ಈ ಗಂಡಸು. ಮೊದಲು ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದನಂತೆ. ಚಿನಕುರಳಿ ಅವನಿಗೆ ಎರಡನೇ ದಿನವೇ ಹೆಸರಿಟ್ಟಿದ್ದಳು, ಮಾಯಾಮೇಸ್ತ್ರಿ.

ಅಷ್ಟೆಲ್ಲ ಗೊತ್ತಿದ್ದೂ ಅಕ್ಕ ನುಗ್ಗಿದ್ದಳು. ಭಯ ಅಂದರೆ ಹಾಗೇ ಅಲ್ಲವೇ... ಗೊತ್ತಿದ್ದದ್ದನ್ನೆಲ್ಲ ಮರೆಸಿಬಿಡುತ್ತದೆ.

*

ಮರುವಾರ ಅವಳು ಕ್ಷಮೆ ಕೇಳಲು ಬಂದಳು. ಅರ್ಧ ವಾಕ್ಯ ಆಗುವಷ್ಟರಲ್ಲಿ ಮೇಸ್ತ್ರಿ ಕನ್ನಡಕ ಅವಳ ಮುಂದೆ ಹಿಡಿದ.

"ನೀವೇ ನೋಡಿ. ನಿಮ್ಮ ತಂಗಿ ಒಪ್ಪಿದಾರೆ."

"ಒಪ್ಪಿದೀನಿ," ಅಂದಳು ಚಿನಕುರಳಿ ಕುರ್ಚಿಯಲ್ಲಿ ಕಾಲು ಮಡಚಿಕೊಂಡು. "ಕುದುರೆ ಕಣ್ಣಪಟ್ಟಿ ಕಟ್ಕೋ. ನನ್ನ ಮೇಜಿನ ಮುಂದೆ ನೀನೂ ಒಂದ್ಸಲ ಕೂತ್ಕೋ."

ಹಾಕಿಕೊಂಡಳು.

ಬೆಚ್ಚಗಿನ ಬೆಳಕಿನ ಚಂದದ ಹೋಟೆಲು. ಅಕ್ಕಪಕ್ಕದ ಮೇಜುಗಳಲ್ಲಿ ಜನ ಮಾತಾಡುತ್ತಿದ್ದಾರೆ. ಅವಳ ಮುಂದೆ ಒಂದು ಬಟ್ಟಲು ಸೂಪು, ಬ್ರೆಡ್ಡು. ‘ಇಷ್ಟೇನಾ?’ ಅಂದುಕೊಂಡು ಚಮಚದ ಕಡೆ ಕೈ ಚಾಚಿದಳು.

ಮಾತು ನಿಂತಿತು.

ಒಂದು ತಲೆ ತಿರುಗಿತು. ಇನ್ನೊಂದು. ಆಮೇಲೆ ಎಲ್ಲವೂ. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಬಟ್ಟಲಿನ ಮೇಲೆ, ಅವಳ ಬಾಯಿಯ ಮೇಲೆ. ಬಟ್ಟಲು ಅಗಲವಾಗುತ್ತ ಹೋಯಿತು, ಸೂಪು ಬಾವಿಯಷ್ಟು ಆಳವಾಯಿತು, ಮೇಜಿನಡಿಯ ಅವಳ ತೊಡೆಗಳು ಉಬ್ಬಿ ಕುರ್ಚಿಯ ಅಂಚು ದಾಟಿದವು...

ಕನ್ನಡಕ ತೆಗೆದಾಗ ಅವಳ ಅಂಗೈ ಒದ್ದೆ. ಮೇಜಿನ ಮೇಲೆ ಏನೂ ಇರಲಿಲ್ಲ.

"ದಿನಾ ಹೀಗೇನಾ? ಮೂರು ಹೊತ್ತೂ?" ತಂಗಿಯನ್ನು ಕೇಳಲು ಧೈರ್ಯ ಸಾಲದೆ ಮೇಸ್ತ್ರಿಯನ್ನು ಕೇಳಿದಳು.

"ನಿಮ್ಮ ತಂಗಿ ಹೇಳಿದ್ದನ್ನ ಕಟ್ಟಿದೀನಿ. ಅರ್ಧ ಬಂದಿರಬಹುದು." ಕನ್ನಡಕ ವಾಪಸು ಇಸ್ಕೊಂಡು ಅವನು ಅಂದ, "ಒಂದೊಂದೇ ತಲೆ ತಿರುಗದ ಹಾಗೆ ಮಾಡ್ತಾ ಬರ್ತೀವಿ. ಕೊನೆಗೆ ಯಾರೂ ನೋಡದೆ ಇರೋ ಹೋಟ್ಲು. ಅಲ್ಲಿಂದಾಚೆಗೆ ಹೊರಗಿನದು."

ಅಕ್ಕನಿಗೆ ಮನೆಯ ಊಟದ ಮೇಜು ನೆನಪಾಯಿತು. ಅಮ್ಮ, ತಾನು... ಬಟ್ಟಲನ್ನೇ ನೋಡುವ ಎರಡು ತಲೆ.

ಆಮೇಲೆ ಅವಳು ಪ್ರತಿ ಸಲವೂ ಬಂದು ಬೆಂಚಿನ ಮೇಲೆ ಕೂತಳು, ಬಾಗಿಲು ನೂಕದೆ. ಮುಗಿದ ಮೇಲೆ ಮೇಸ್ತ್ರಿ ಹೊರಬಂದು ಎರಡು ಮಾತು ಹೇಳುತ್ತಿದ್ದ. ಅವನು ಮಾತಿನಲ್ಲಿ ಮಹಾ ಜಿಪುಣ. "ಇವತ್ತು ಒಂದು ಗುಟುಕು." "ಇವತ್ತು ಆಗಲಿಲ್ಲ, ಪರವಾಗಿಲ್ಲ." ಅಷ್ಟಕ್ಕೇ ಅವಳ ವಾರ ಕಳೆಯುತ್ತಿತ್ತು.

"ಮೇಸ್ತ್ರಿಗಳೇ," ಒಂದು ದಿನ ಚಿನಕುರಳಿ ಕೇಳಿಯೇಬಿಟ್ಟಳು, "ಇಲ್ಲಿ ನರ್ಸಮ್ಮನೂ ಇವಳನ್ನ ಅಕ್ಕ ಅಂತಾರೆ, ಕಸ ಗುಡಿಸೋ ತಾತನೂ ಅಕ್ಕ ಅಂತಾರೆ. ನೀವು ಮಾತ್ರ ಯಾಕೆ ‘ಇವರೇ, ಇವರೇ’ ಅಂತೀರಾ?"

ಮೇಸ್ತ್ರಿ ಕಂಪ್ಯೂಟರಿನ ತಂತಿ ಸುತ್ತುತ್ತಲೇ ಇದ್ದ. ಕಿವಿ ಮಾತ್ರ ಕೆಂಪಾಯಿತು. "ನಾನೊಬ್ಬ ಅನ್ನದಿದ್ರೆ ಏನೂ ನಷ್ಟ ಇಲ್ಲ."

ಅಕ್ಕ ಆ ದಿನ ಅಂಗಡಿಗೆ ಹೋಗಿ ಯಾರದೋ ಅಂಗಿಗೆ ಎಡಗೈ ತೋಳನ್ನು ಬಲಗಡೆಗೆ ಹಚ್ಚಿದಳು.

*

"ಇನ್ನು ಕನ್ನಡಿ," ಅಂದರು ಡಾಕ್ಟರಮ್ಮ. "ತನ್ನ ಮೈಯನ್ನ ಇರೋ ಹಾಗೇ ನೋಡೋದು ಅವಳು ಕಲೀಬೇಕು. ಕನ್ನಡಕದೊಳಗೆ ಅವಳದೇ ಅಳತೆಯ ಮೈ ಕಟ್ಟಿ ತೋರಿಸ್ತೀವಿ. ಆದರೆ ಅವಳು ಯಾರಿಗೂ ಟೇಪು ಮುಟ್ಟಿಸಕ್ಕೆ ಬಿಡ್ತಿಲ್ಲ, ಫೋಟೋನೂ ಬೇಡ ಅಂತಾಳೆ."

ಮೇಸ್ತ್ರಿ ಅಕ್ಕನ ಕಡೆ ತಿರುಗಿದ. "ನೀವು ಹೊಲಿಗೆಯವರು ಅಳತೆ ಬಟ್ಟೆ ಅಂತ ಇಸ್ಕೋತೀರಲ್ಲ. ಈಗ ಅವರಿಗೆ ಸರಿಯಾಗಿ ಕೂರೋ ಒಂದು ಬಟ್ಟೆ ಕೊಡಿ. ಅದರಿಂದ ಅಳತೆ ತೆಗೀತೀನಿ, ಮೈ ಕಂಪ್ಯೂಟರೇ ಕಟ್ಟುತ್ತೆ. ತಂಗಿ ಒಪ್ಪಿದಾರೆ."

ಎಷ್ಟು ಸಹಜವಾದ ಮಾತು. ಅಕ್ಕನಿಗೆ ಮಾತ್ರ ಕಾಲಡಿಯ ನೆಲ ಜಾರಿದಂತಾಯಿತು.

ಯಾಕೆಂದರೆ ಅವಳಲ್ಲೊಂದು ಗುಟ್ಟಿತ್ತು.

ಶುರುವಾದದ್ದು ಕಳೆದ ವರ್ಷ. ಚಿನಕುರಳಿಯ ಉದ್ದನೆಯ ನೀಲಿ ಗೌನು ಹೆಗಲಿನಿಂದ ಜೋತುಬಿದ್ದದ್ದು ಕಂಡು ಅಮ್ಮ ಊಟದ ಮೇಜಿನ ಮುಂದೆ ರಂಪ ಮಾಡಿದ್ದಳು. "ನೋಡು, ಗೂಟಕ್ಕೆ ತಗಲಿಹಾಕಿದ ಹಾಗಿದೆ! ತಿನ್ನು, ತಿನ್ನು ಅಂದ್ರೆ..." ತಂಗಿ ತಟ್ಟೆ ತಳ್ಳಿ ಎದ್ದುಹೋದವಳು ಎರಡು ದಿನ ಕೋಣೆ ಬಾಗಿಲು ತೆಗೆಯಲಿಲ್ಲ. ಆ ಗೌನು ಒಗೆತದಿಂದ ಬಂದಾಗ ಅಕ್ಕ ಯಾರಿಗೂ ಹೇಳದೆ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಳು. ಸ್ವಲ್ಪವೇ. ಅಮ್ಮನ ಕಣ್ಣಿಗೆ ಬೀಳಲಿಲ್ಲ. ಮೇಜಿನ ಮುಂದೆ ಜಗಳವಾಗಲಿಲ್ಲ. ತಂಗಿ ಎರಡು ಚಮಚ ತಿಂದಳು ಕೂಡ.

ಮುಂದಿನ ತಿಂಗಳು ಮತ್ತೆ ಸಡಿಲವಾಯಿತು. ಮತ್ತೆ ಹಿಡಿದಳು. ಆಮೇಲೆ ಎಲ್ಲ ಬಟ್ಟೆಗಳನ್ನೂ. ಹೊಲಿಗೆಯ ಪಕ್ಕ ಹೊಲಿಗೆ, ಅದರ ಪಕ್ಕ ಹೊಲಿಗೆ.

‘ಈಗ ಆ ಗೌನು ಮಗುಚಿ ನೋಡಿದರೆ ಸಾಕು... ಗೊತ್ತಿದ್ದೂ ಮುಚ್ಚಿಟ್ಟಳು ಅಂತ ಡಾಕ್ಟರಿಗೆ ಗೊತ್ತಾಗುತ್ತೆ. ಅಮ್ಮನಿಗೆ ಗೊತ್ತಾಗುತ್ತೆ.’ ಸ್ವಲ್ಪ ತಡೆದು ಮನಸ್ಸು ಸೇರಿಸಿತು, ‘ಅವರಿಗೂ.’

ಆ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವಳು ಹೊಲಿಗೆಗಳನ್ನೆಲ್ಲ ಬಿಚ್ಚಿದಳು. ಎಳೆ ಎಳೆಯಾಗಿ ದಾರ ಕಿತ್ತಳು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿ, ಸೂಜಿಯ ತೂತುಗಳು ಕಾಣದಂತೆ ಮಾಡಿದಳು. ಬೆಳಗ್ಗೆ ಅದನ್ನು ಮಡಚಿ ಮೇಸ್ತ್ರಿಯ ಕೈಗಿಟ್ಟಳು.

"ಸರಿಯಾಗಿ ಕೂರುತ್ತಲ್ಲ ಇದು?" ಅವನು ಕೇಳಿದ.

"ಹೂಂ," ಅಂದಳು. ‘ಕಂಪ್ಯೂಟರು ತಾನೇ... ಸ್ವಲ್ಪ ಆಚೆ ಈಚೆ ಆದರೆ ಏನಾಗುತ್ತೆ?’

*

ಏನಾಗುತ್ತದೆ ಅಂತ ಆಮೇಲಿನ ವಾರ ಗೊತ್ತಾಯಿತು.

ಈ ಸಲ ಒಳಗಿನಿಂದ ಅಳು ಕೇಳಲಿಲ್ಲ. ಕುರ್ಚಿ ಉರುಳಿದ ಸದ್ದು ಮಾತ್ರ. ಡಾಕ್ಟರಮ್ಮ ಓಡಿದರು. ಬಾಗಿಲು ತೆರೆದಾಗ ಚಿನಕುರಳಿ ನೆಲದ ಮೇಲಿದ್ದಳು, ತುಟಿ ನೀಲಿಗಟ್ಟಿತ್ತು. ನರ್ಸಮ್ಮ ನಾಡಿ ಹಿಡಿದು, "ತಾಳ ತಪ್ತಿದೆ ಡಾಕ್ಟ್ರೇ," ಅಂದದ್ದು ಅಕ್ಕನಿಗೆ ಎಲ್ಲೋ ದೂರದಿಂದ ಕೇಳಿದಂತಿತ್ತು. ಗಾಲಿ ಮಂಚ ಬಂತು. ತಂಗಿಯನ್ನು ಮಹಡಿಯ ವಾರ್ಡಿಗೆ ಕೊಂಡೊಯ್ದರು.

ಅಕ್ಕ ಮೇಸ್ತ್ರಿಯ ಅಂಗಿಯ ಕೊರಳಪಟ್ಟಿ ಹಿಡಿದುಬಿಟ್ಟಿದ್ದಳು. "ಏನು ತೋರಿಸಿದ್ರಿ ಅವಳಿಗೆ? ಹೇಳಿ, ಏನು ತೋರಿಸಿದ್ರಿ?"

ಅವನು ಪರದೆಯ ಕಡೆ ಕೈ ತೋರಿಸಿದ.

ಪರದೆಯ ಮೇಲೆ ಒಂದು ಕನ್ನಡಿ. ಕನ್ನಡಿಯಲ್ಲಿ ನೀಲಿ ಗೌನಿನ ಹುಡುಗಿ. ತುಂಬಿದ ಕೆನ್ನೆ, ದುಂಡು ಭುಜ... ಎರಡು ವರ್ಷದ ಹಿಂದಿನ ಚಿನಕುರಳಿ, ಇನ್ನೇನು ಜೋಕು ಹೇಳಿ ನಕ್ಕುಬಿಡುವಂತೆ ನಿಂತಿದ್ದಳು.

ಅಕ್ಕನ ಬೆರಳುಗಳು ಸಡಿಲವಾದವು.

ಅವಳಿಗೆ ಅರ್ಥವಾಯಿತು. ಮತ್ತು ಅದೇ ಕ್ಷಣ ಕಂಡಿತು, ಮೇಜಿನ ಮೇಲೆ ಬಿದ್ದಿದ್ದ ಗೌನನ್ನು ಮೇಸ್ತ್ರಿ ಬೆಳಕಿಗೆ ಹಿಡಿದಿದ್ದಾನೆ. ಅವನ ಹೆಬ್ಬೆರಳು ಪಕ್ಕದ ಹೊಲಿಗೆಯುದ್ದಕ್ಕೂ ಮೆಲ್ಲಗೆ ಸರಿಯುತ್ತಿದೆ. ಇಸ್ತ್ರಿಗೆ ಬಗ್ಗದ ಸೂಜಿ ತೂತುಗಳ ಸಾಲು. ಅದರ ಪಕ್ಕ ಇನ್ನೊಂದು ಸಾಲು. ಇನ್ನೊಂದು.

ಅವನು ತಲೆಯೆತ್ತಿ ಅವಳನ್ನು ನೋಡಿದ.

ಡಾಕ್ಟರಮ್ಮ ಮಹಡಿಯಿಂದ ಇಳಿದು ಬಂದರು. "ಈ ಮೈ ಆ ಹುಡುಗಿಯದ್ದಲ್ಲ. ಹೇಗಾಯ್ತು ಇದು?"

‘ಹೇಳು... ಈಗ ಹೇಳು...’ ಅಕ್ಕನ ನಾಲಿಗೆ ಬಾಯಿಯ ಮೇಲ್ಭಾಗಕ್ಕೆ ಅಂಟಿಕೊಂಡಿತ್ತು.

ಮೇಸ್ತ್ರಿ ಗೌನನ್ನು ಮಡಚಿದ. "ಅಳತೆ ನಾನು ತಪ್ಪು ತೆಗೆದೆ, ಡಾಕ್ಟ್ರೇ."

"ನೀವಾ?"

"ಹೌದು. ತಪ್ಪು ನನ್ನದು."

ಡಾಕ್ಟರಮ್ಮ ಪರದೆ ಆರಿಸಿದರು. "ಹಾಗಾದ್ರೆ ನಾಳೆಯಿಂದ ನೀವು ಬರಬೇಡಿ. ಈ ಹುಡುಗಿಗೆ ಕನ್ನಡಕದ ಚಿಕಿತ್ಸೆನೂ ನಿಲ್ಲಿಸ್ತೀನಿ. ಅಳತೆ ಒಂದ್ಸಲ ತಪ್ಪಿದ ಮೇಲೆ ನಾನು ಏನನ್ನ ನಂಬಲಿ?"

ಅವನು ತಲೆಯಾಡಿಸಿ ಹೊರಟ. ಅಕ್ಕ ಗೋಡೆಗೆ ಒರಗಿ ನಿಂತೇ ಇದ್ದಳು.

*

ವಾರ್ಡಿನಲ್ಲಿ ಚಿನಕುರಳಿಯ ಕೈಗೆ ಡ್ರಿಪ್ ಹಾಕಿದ್ದರು. ತಲೆಯ ಬಳಿ ಒಂದು ಯಂತ್ರ ಅವಳ ಎದೆಬಡಿತವನ್ನು ಗೆರೆ ಎಳೆದು ತೋರಿಸುತ್ತಿತ್ತು. ಒಂದೊಂದು ಗೆರೆ ತಡವಾದಾಗಲೂ ಅಕ್ಕನ ಉಸಿರು ನಿಲ್ಲುತ್ತಿತ್ತು. ಅಮ್ಮ ಬಾಗಿಲ ಹೊರಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಡ್ರಿಪ್ಪಿನ ಜೊತೆಗೆ ಬಾಯಿಂದಲೂ ಸ್ವಲ್ಪ ಕುಡಿಯಲೇಬೇಕು ಅಂದಿದ್ದರು. ಹಾಲಿನ ಲೋಟ ಹಾಗೇ ಆರುತ್ತಿತ್ತು.

"ನೋಡಿದೆಯಲ್ಲಕ್ಕಾ," ತಂಗಿ ಚಾವಣಿ ನೋಡುತ್ತ ಅಂದಳು. ದನಿ ಹತ್ತಿಯಂತೆ ಹಗುರ. "ಎಲ್ಲರೂ ನಂಗೆ ಸುಳ್ಳು ಹೇಳ್ತಿದ್ರಿ. ಕಡ್ಡಿ ಆಗಿದೀಯ, ಒಣಗಿ ಹೋಗಿದೀಯ ಅಂತ. ಮೇಸ್ತ್ರಿ ಒಬ್ರು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ. ಅವರ ಕನ್ನಡಿನೇ ತೋರಿಸ್ತು. ನಾನು ಅಂದಿದ್ದೇ ನಿಜ." ಲೋಟದ ಕಡೆಯಿಂದ ಮುಖ ತಿರುಗಿಸಿದಳು. "ತೆಗೆದುಬಿಡು ಅದನ್ನ."

ಅಕ್ಕ ಲೋಟ ತೆಗೆಯಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಹುಡುಗಿ ಆ ಕನ್ನಡಿಯನ್ನು ನಂಬಿಕೊಂಡೇ...

"ಆ ಕನ್ನಡಿ ಸುಳ್ಳು ಕಣೇ."

"ಮತ್ತೆ ಶುರುಮಾಡ್ಬೇಡ..."

"ನಾನು ಸುಳ್ಳು ಮಾಡಿದ್ದು. ಆ ಗೌನಿನ ಹೊಲಿಗೆ ಬಿಚ್ಚಿ ಹಳೇ ಅಳತೆಗೆ ತಂದು ಕೊಟ್ಟೆ. ಮೇಸ್ತ್ರಿ ಆ ಅಳತೆಗೇ ಕಟ್ಟಿದ್ರು. ಕನ್ನಡಿಯಲ್ಲಿದ್ದದ್ದು ಈಗಿನ ನೀನಲ್ಲ."

ತಂಗಿ ನಿಧಾನವಾಗಿ ಮುಖ ತಿರುಗಿಸಿದಳು. "ಬಿಚ್ಚಿದ್ದು ಅಂದ್ರೆ?"

ಅಕ್ಕ ಹೇಳಿದಳು. ಮೊದಲ ಸಲ ಹಿಡಿದದ್ದು, ಎರಡನೇ ಸಲ, ಆಮೇಲೆ ಕಪಾಟಿನಲ್ಲಿದ್ದ ಎಲ್ಲ ಬಟ್ಟೆ. ಅಮ್ಮ ಬೈಯದಿರಲಿ ಅಂತ. ಮೇಜಿನ ಮುಂದೆ ಜಗಳ ಆಗದಿರಲಿ ಅಂತ.

ತಂಗಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಅಕ್ಕಾ..." ಚಿನಕುರಳಿ ಅಂದಳು. "ನಾನು ದಿನಾ ಬೆಳಗ್ಗೆ ಆ ಗೌನು ಹಾಕ್ಕೊಂಡು ನೋಡ್ತಿದ್ದೆ. ಸಡಿಲ ಆಯ್ತಾ ಅಂತ. ಯಾವತ್ತೂ ಆಗ್ತಿರಲಿಲ್ಲ. ಊಟ ಇಷ್ಟು ಬಿಟ್ರೂ ಇನ್ನೂ ಇಳಿದೇ ಇಲ್ವಲ್ಲ ಅಂತ... ಇನ್ನಷ್ಟು ಬಿಡ್ತಿದ್ದೆ."

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು.

ಇಲ್ಲ, ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಅರ್ಹತೆ ಬೇಕು ಅನ್ನಿಸಿತು ಅವಳಿಗೆ. ತಾನು ಪ್ರೀತಿಯಿಂದ ಹಾಕಿದ ಒಂದೊಂದು ಹೊಲಿಗೆಯೂ ಈ ಹುಡುಗಿಯ ಒಂದೊಂದು ತುತ್ತು ಕಸಿದಿತ್ತು.

"ಬೈ ಕಣೇ ನನ್ನ."

"ಶಕ್ತಿ ಇಲ್ಲ," ಅಂದಳು ತಂಗಿ. ತನ್ನ ಮಣಿಕಟ್ಟನ್ನು ಎತ್ತಿ, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ನಿಜವಾಗ್ಲೂ ಅಷ್ಟು ಸಲ ಹಿಡಿದೆಯಾ?"

"ನಿಜವಾಗ್ಲೂ."

"ಭಯ ಆಗ್ತಿದೆ ಅಕ್ಕಾ." ಮೊದಲ ಸಲ ಅವಳು ಆ ಮಾತನ್ನು ತಟ್ಟೆ ಕಂಡಲ್ಲ, ತನ್ನ ಕೈ ಕಂಡು ಹೇಳಿದ್ದು. "ಆ ಲೋಟ ಕೊಡು. ಆಮೇಲೆ ಆ ಕಡೆ ತಿರುಗಿ ಕೂತ್ಕೋ. ನೋಡಬೇಡ."

ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಳು. ಬೆನ್ನ ಹಿಂದೆ ತುಂಬ ಹೊತ್ತಿನ ಮೇಲೆ ಒಂದು ಗುಟುಕಿನ ಸದ್ದು ಕೇಳಿತು.

*

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ಮುಚ್ಚಿಡೋದು ಈ ಕಾಯಿಲೆಯ ಗುಣ. ಮನೆಯವರಿಗೂ ಅಂಟುತ್ತೆ," ಅಂದರು. "ಅಮ್ಮನಿಗೆ ನೀವೇ ಹೇಳಿ. ಆ ಮೇಸ್ತ್ರಿಗೂ ನಾನು ಹೇಳೋದಿದೆ. ಸುಳ್ಳು ಹೇಳಿ ನನ್ನ ಚಿಕಿತ್ಸೆಗೆ ಅಡ್ಡ ಬಂದ್ರಲ್ಲ ಅವರು."

ಅಮ್ಮನಿಗೆ ಹೇಳುವುದು ಸುಲಭವಾಗಿರಲಿಲ್ಲ. "ನನ್ನ ಬಾಯಿಗೆ ಹೆದರಿ ಹೀಗೆ ಮಾಡಿದೆಯಾ?" ಅಂತ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ಆಮೇಲೆ ಮಗಳ ತಲೆ ಎದೆಗೊತ್ತಿಕೊಂಡಳು. ಅಂದಿನಿಂದ ಅಮ್ಮ ಊಟದ ಮೇಜಿನಲ್ಲಿ ಪಕ್ಕದ ಮನೆಯವರ ಸುದ್ದಿ ಹೊರತು ಬೇರೇನೂ ಮಾತಾಡಲಿಲ್ಲ.

ಅಂದು ಸಂಜೆ ಮೇಸ್ತ್ರಿ ಕೆಳಗಿನ ಕೋಣೆಯಲ್ಲಿ ತನ್ನ ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ.

"ಯಾರು ಕೇಳಿದ್ರು ನಿಮ್ಮನ್ನ?" ಅಕ್ಕ ಬಾಗಿಲಲ್ಲೇ ನಿಂತು ಅಂದಳು. "ಯಾರು ಕೇಳಿದ್ರು ನನ್ನ ತಪ್ಪು ತಲೆ ಮೇಲೆ ಹೊತ್ಕೊಳ್ಳಿ ಅಂತ?"

"ನೀವು ನಡುಗ್ತಿದ್ರಿ."

"ನಡುಗಲಿ! ನಿಮ್ಮ ಒಂದು ಸುಳ್ಳಿಗೆ ಅವಳ ಚಿಕಿತ್ಸೆ ನಿಂತುಹೋಗ್ತಿತ್ತು."

"ಗೊತ್ತು." ಅವನು ಪೆಟ್ಟಿಗೆ ಕೆಳಗಿಟ್ಟ. "ಆ ಹೊತ್ತಿಗೆ ಗೊತ್ತಾಗಲಿಲ್ಲ. ನಿಮ್ಮ ಮುಖ ನೋಡಿದೆ, ಬಾಯಿಗೆ ಬಂದದ್ದು ಹೇಳಿದೆ. ತಪ್ಪು. ಕ್ಷಮಿಸಿ."

ಜಗಳವಾಡಲು ಬಂದವಳಿಗೆ ಹಿಡಿಯಲು ಎಳೆಯೇ ಸಿಗಲಿಲ್ಲ. ‘ನನ್ನ ಹಾಗೇ ಇವರೂ... ಪ್ರೀತಿಯಿಂದ ಮುಚ್ಚಿಡೋ ಜಾತಿ.’ ಪ್ರೀತಿ ಅನ್ನುವ ಪದ ಮನಸ್ಸಿಗೆ ಬಂದದ್ದೇ ತಡ, ಅವಳು ಬೆಚ್ಚಿಬಿದ್ದಳು. ಸರಸರನೆ ಮೆಟ್ಟಿಲು ಹತ್ತಿದಳು.

ಡಾಕ್ಟರಮ್ಮ ಕನ್ನಡಕದ ಚಿಕಿತ್ಸೆ ಮತ್ತೆ ಶುರುಮಾಡಿದರು. ಮೇಸ್ತ್ರಿಯನ್ನೂ ಉಳಿಸಿಕೊಂಡರು, ಒಂದು ಷರತ್ತಿನ ಮೇಲೆ. ಕೋಣೆಗಳನ್ನು ಕಟ್ಟಬಹುದು, ಚಿನಕುರಳಿಯ ಚಿಕಿತ್ಸೆ ನಡೆಯುವಾಗ ಒಳಗಿರುವಂತಿಲ್ಲ, ಆ ಮನೆಯವರ ಜೊತೆ ಮಾತಿಲ್ಲ. ಅವನ ಜಾಗದಲ್ಲಿ ಬೇರೊಬ್ಬಳು ಕೂತಳು. ಅಕ್ಕ ಬೆಂಚಿನ ಮೇಲೆ ಕಾಯುತ್ತಿದ್ದಳು. ಅವನು ಕಾರಿಡಾರಿನ ಆ ತುದಿಯಲ್ಲಿ ಹಾದುಹೋಗುತ್ತಿದ್ದ. ತಲೆ ಬಾಗಿಸುತ್ತಿದ್ದ. ಅಷ್ಟೇ. ಅಷ್ಟಕ್ಕೇ ಆ ದಿನ ಅಂಗಡಿಯಲ್ಲಿ ಅವಳ ದಾರವೆಲ್ಲ ಗಂಟು ಬೀಳುತ್ತಿತ್ತು.

ಚಿನಕುರಳಿ ಒಂದೇ ಸಮನೆ ಸುಧಾರಿಸಿದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಕೆಲವೊಮ್ಮೆ ಮೂರು ಹಿಂದೆ. ಆದರೆ ಟೇಪಿಗೆ ಕೈ ಚಾಚಿದಳು. ಸರಿಯಾದ ಅಳತೆಯ ಮೈ ಕನ್ನಡಿಯಲ್ಲಿ ನಿಂತಾಗ ಕಣ್ಣು ಮುಚ್ಚಲಿಲ್ಲ. "ಪಾಪ ಈ ಹುಡುಗಿ," ಅಂದಳಂತೆ. ಕನ್ನಡಕದೊಳಗಿನ ಹೋಟೆಲಿನಲ್ಲಿ ತಿರುಗುವ ತಲೆಗಳು ಒಂದೊಂದಾಗಿ ಕಡಿಮೆಯಾದವು.

*

ವಸಂತ ಬಂದಾಗ ಡಾಕ್ಟರಮ್ಮ ಹೇಳಿದರು, "ಇನ್ನು ನಿಜವಾದ ಹೋಟ್ಲು. ಯಾರ ಜೊತೆ ಹೋಗ್ತೀಯ, ನೀನೇ ಆರಿಸ್ಕೋ. ಇದು ಆದ್ರೆ ಕಾಲೇಜಿಗೆ ವಾಪಸ್."

"ಅಕ್ಕ. ಮತ್ತೆ ಮೇಸ್ತ್ರಿ."

ಡಾಕ್ಟರಮ್ಮ ತಮ್ಮ ಓದುವ ಕನ್ನಡಕದ ಮೇಲಿಂದ ನೋಡಿದರು. "ಮೇಸ್ತ್ರಿ ಯಾಕೆ?"

"ಅವರು ಕಟ್ಟಿದ ಹೋಟ್ಲು ಸರಿ ಇದೆಯಾ ಇಲ್ವಾ ಅಂತ ತೋರಿಸ್ಬೇಕಲ್ಲ."

ಡಾಕ್ಟರಮ್ಮ ನಗು ತಡೆದುಕೊಂಡರು. ಚಿನಕುರಳಿಯ ಕನ್ನಡಕದ ಚಿಕಿತ್ಸೆ ಹೇಗೂ ಮುಗಿದಿತ್ತು, ಮೇಸ್ತ್ರಿಗೆ ಹಾಕಿದ್ದ ಷರತ್ತೂ.

ಹೀಗೆ ಮೂವರೂ ಆಸ್ಪತ್ರೆಯ ಬೀದಿಯ ಸಣ್ಣ ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತರು. ಸೂಪು ಬಂತು. ಬ್ರೆಡ್ಡು ಬಂತು. ನಿಜವಾದ ಬಿಸಿ, ನಿಜವಾದ ವಾಸನೆ. ಚಿನಕುರಳಿಯ ಮುಖದ ಬಣ್ಣ ಇಳಿಯಿತು. ಅಕ್ಕ ಮೇಜಿನಡಿ ತನ್ನ ಎರಡೂ ಕೈ ಹಿಸುಕಿಕೊಂಡಳು.

"ನಿಯಮ ಕೇಳಿ," ತಂಗಿ ಮೆಲ್ಲಗೆ ಅಂದಳು. "ನನ್ನ ನೋಡಬಾರ್ದು. ಬಟ್ಟಲು ನೋಡಬಾರ್ದು. ನೀವಿಬ್ರೂ ಮಾತಾಡ್ತಾನೇ ಇರಬೇಕು. ಅವತ್ತು ಆ ಕನ್ನಡಕದಲ್ಲಿ ಮಾತು ನಿಂತಾಗಲೇ ಅವರೆಲ್ಲ ತಿರುಗ್ತಿದ್ದದ್ದು."

ಮಾತು! ಆ ಜಿಪುಣನ ಜೊತೆ!

"ಈ ಸೀಲಿಂಗ್..." ಮೇಸ್ತ್ರಿ ಶುರುಮಾಡಿದ. "ಸೀಲಿಂಗ್ ಸ್ವಲ್ಪ ತಗ್ಗಾಯ್ತು."

"ಹೌದು, ತಗ್ಗು," ಅಂದಳು ಅಕ್ಕ.

"ನಾನು ಕಟ್ಟಿದ್ದರಲ್ಲಿ ಇನ್ನೂ ಎತ್ತರ ಇತ್ತು."

"ಪರದೆ ಬಟ್ಟೆ ಚೆನ್ನಾಗಿದೆ ಇಲ್ಲಿ. ಅಂಚು ಮಾತ್ರ ವಕ್ರ ಹೊಲಿದಿದಾರೆ."

"ಓಹೋ. ವಕ್ರ."

ಪಕ್ಕದಲ್ಲಿ ಚಮಚ ಬಟ್ಟಲಿಗೆ ತಾಗಿದ ಸಣ್ಣ ಸದ್ದು. ಒಂದು ಗುಟುಕು... ಅಕ್ಕನ ಕಣ್ಣು ಆ ಕಡೆ ಎಳೆಯಿತು. ಬಲವಂತವಾಗಿ ಮೇಸ್ತ್ರಿಯ ಮುಖದ ಮೇಲೆ ನೆಟ್ಟಳು. ಅವನೂ ಅವಳನ್ನೇ ನೋಡುತ್ತಿದ್ದ, ಬೇರೆಲ್ಲೂ ನೋಡುವಂತಿರಲಿಲ್ಲವಲ್ಲ.

ಪರದೆ ಮುಗಿಯಿತು. ಬಾಗಿಲು, ಬೀದಿ, ಹವೆ ಎಲ್ಲ ಮುಗಿಯಿತು. ಗುಂಡಿಗೆ ಕಾಜ ಹೊಲಿಯುವುದು ಹೇಗೆ ಅಂತ ಅಕ್ಕ ಹೇಳಿದಳು. ನಾಟಕದ ಮರ ಮಾಡುವುದು ಹೇಗೆ ಅಂತ ಅವನು ಹೇಳಿದ. ಆಮೇಲೆ ಇಬ್ಬರ ಬಳಿಯೂ ಏನೂ ಉಳಿಯಲಿಲ್ಲ.

ಮೌನ.

ಚಮಚ ಕೆಳಗಿಟ್ಟ ಸದ್ದು ಕೇಳಿತು.

ತಂಗಿಯ ಉಸಿರು ಜೋರಾಗುತ್ತಿತ್ತು. ಅಕ್ಕ ಮೇಸ್ತ್ರಿಯನ್ನು ಕಣ್ಣಲ್ಲೇ ಬೇಡಿದಳು. ‘ಅಯ್ಯೋ, ಮಾತಾಡಿ... ಏನಾದ್ರೂ...’

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ," ಅಂದ ಮೇಸ್ತ್ರಿ.

ಅಕ್ಕ ಅವನನ್ನು ನೋಡಿದಳು. ಅವನ ಹಣೆಯ ಮೇಲೆ ಬೆವರು ಮೂಡಿತ್ತು.

"ಇದೊಂದೇ ಉಳಿದಿದ್ದು ನನ್ನ ಹತ್ರ," ಅವನು ನಿಲ್ಲಿಸದೆ ಹೇಳಿದ. "ಬಾಗಿಲು ನೂಕಿ ಬಂದ್ರಲ್ಲ, ಆವತ್ತಿಂದ. ನನ್ನ ಮೇಲೆ ಕೂಗಿದ ಮನುಷ್ಯರು ಯಾರೂ ಮರುವಾರ ಬಂದು ಕ್ಷಮೆ ಕೇಳಿಲ್ಲ. ಆಮೇಲೆ ಡಾಕ್ಟರ ಮುಂದೆ ನೀವಾಗೇ ಹೋಗಿ ನಿಜ ಹೇಳಿದ್ರಲ್ಲ... ನನ್ನಿಂದ ಆಗ್ತಿರಲಿಲ್ಲ ಅದು. ನಾನಾಗಿದ್ರೆ ಇನ್ನೊಂದು ಗೋಡೆ ಕಟ್ಟಿ ಅದರ ಹಿಂದೆ ಕೂತಿರ್ತಿದ್ದೆ."

ಚಮಚ ಎತ್ತಿದ ಸದ್ದು. ಬಟ್ಟಲಿಗೆ ತಾಗಿದ ಸದ್ದು.

ಈಗ ಅಕ್ಕನ ಸರದಿ. ಸುಮ್ಮನಿರಲು ಅವಕಾಶವೇ ಇರಲಿಲ್ಲ.

"ನಂಗೆ ಭಯ," ಅಂದಳು. "ಪ್ರೀತಿ ಮಾಡಿದವರಿಗೆ ನಾನು ಏನು ಮಾಡಿದೀನಿ ಅಂತ ನೋಡಿದಿರಲ್ಲ. ನಾಳೆ ನಿಮಗೂ ಹಾಗೇ ಏನಾದ್ರೂ ಮುಚ್ಚಿ ಹೊಲಿದುಬಿಟ್ರೆ?"

"ನಾನೂ ಅದೇ ಮಾಡ್ತೀನಿ. ಮಾಡಿದೆನಲ್ಲ." ಅವನು ಸ್ವಲ್ಪ ಮುಂದೆ ಬಾಗಿದ. "ಮುಚ್ಚಬೇಕು ಅನ್ಸಿದ ತಕ್ಷಣ ಹೇಳ್ಕೊಳ್ಳೋಣ. ಇವತ್ತು ಏನೋ ಮುಚ್ಚಬೇಕು ಅನ್ನಿಸ್ತಿದೆ ಅಂತ. ಅಷ್ಟು ಹೇಳಿದ್ರೆ ಸಾಕು."

"ಹಾಗಾದ್ರೆ ಈಗಲೇ ಹೇಳ್ತೀನಿ," ಅಂದಳು ಅಕ್ಕ. ಕಣ್ಣು ತುಂಬಿ ಅವನ ಮುಖ ಮಸುಕಾಗಿತ್ತು. ಆದರೂ ಬೇರೆಡೆ ನೋಡಲಿಲ್ಲ. "ಕಾರಿಡಾರಿನಲ್ಲಿ ನೀವು ತಲೆ ಬಾಗಿಸಿ ಹೋಗ್ತಿದ್ರಲ್ಲ... ಅದಕ್ಕೋಸ್ಕರ ನಾನು ಬೇಗ ಬಂದು ಕೂರ್ತಿದ್ದೆ. ಮುಚ್ಚಿಟ್ಟಿದ್ದೆ."

ಮೇಸ್ತ್ರಿ ನಕ್ಕ. ಅವನು ನಗುವುದನ್ನು ಅವಳು ಅದೇ ಮೊದಲು ನೋಡಿದ್ದು. ನಕ್ಕು, ಏನು ಹೇಳಬೇಕೋ ತಿಳಿಯದೆ ಸುಮ್ಮನಾಗಿಬಿಟ್ಟ.

"ಮಾತು ನಿಲ್ಲಿಸಬೇಡಿ," ಅಂದಳು ಚಿನಕುರಳಿ. ಬಾಯಿ ತುಂಬಿದ್ದರಿಂದ ಮಾತು ಅಸ್ಪಷ್ಟವಾಗಿತ್ತು. "ಇನ್ನೂ ಬ್ರೆಡ್ಡು ಇದೆ."

ಅಕ್ಕ ತಂಗಿಯ ಕಡೆ ತಿರುಗಲಿಲ್ಲ. ತಿರುಗದೆ ಇರುವುದಕ್ಕೆ ಅವಳ ಇಡೀ ಮೈಯ ಬಲ ಬೇಕಾಯಿತು. ಮೇಜಿನ ಮೇಲಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೇನು ಹೇಳಲಿ?" ಅವನು ಪಿಸುಗುಟ್ಟಿದ. "ಎಲ್ಲ ಹೇಳಿಬಿಟ್ಟೆ."

"ಮೊದಲಿಂದ ಹೇಳಿ," ಅಂದಳು ಅವಳು. "ಇನ್ನೊಂದ್ಸಲ. ನಿಧಾನಕ್ಕೆ."